ಐದು ಕಣ್ಣಿನ ಮೋರಿ

ನಾನು ಡಿಗ್ರಿ ಮುಗಿಸುವುದಿಲ್ಲ ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಬೆನ್ನ ಹಿಂದೆ ಹೇಳಿದ್ದಲ್ಲ. ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ, ಅಪ್ಪ, ಅಮ್ಮ, ನಾನು ಮೂವರೂ ಎದುರಿಗಿದ್ದಾಗಲೇ ಹೇಳಿದ್ದು.

"ಕಡಬದ ಕೆರೆ ನೀರು ಹಿಂದಕ್ಕೆ ಹರಿದ್ರೂ ಹರೀಬೋದು, ಇವಳು ಡಿಗ್ರಿ ಮುಗ್ಸಲ್ಲ ಬುಡು. ಅಂಗಾಲಲ್ಲಿ ನಾಯಿಗೆರೆ ಐತೆ ಇವಳಿಗೆ."

ಒಂದು ಕಡೆ ಕೂರಲಾರದೆ ಅಲೆಯುವವರ ಅಂಗಾಲಲ್ಲಿ ಒಂದು ಗೆರೆ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅದೇ ನಾಯಿಗೆರೆ. ನಾನು ಏಳು ವರ್ಷದವಳಿದ್ದಾಗ ಅತ್ತೆ ನನ್ನ ಕಾಲು ತೊಳೆಸುವಾಗ ಅದನ್ನು ಕಂಡುಹಿಡಿದಳಂತೆ. ಆವತ್ತಿಂದ ಅವಳು ನನಗೆ ಹೇಳಿದ ಮಾತುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಕೂತ್ಕಳೇ."

ಅವಳ ಮಾತಿಗೆ ಪುರಾವೆ ಬೇಕಾದಷ್ಟಿತ್ತು. ಸೆಕೆಂಡ್ ಪಿಯುಸಿಯಲ್ಲಿ ಇಂಗ್ಲಿಷಿಗೆ ಒಂದು ಸಲ ಡುಮ್ಕಿ ಹೊಡೆದಿದ್ದೆ. ಗುಬ್ಬಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿ ಎರಡು ತಿಂಗಳಿಗೇ ಬಿಟ್ಟೆ. ತುಮಕೂರಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಮಿಷನ್ ಮುಂದೆ ಒಂದೂವರೆ ವರ್ಷ ಕೂತೆ. ಕೂತೆ ಅನ್ನುವುದಕ್ಕಿಂತ ಕೂರಿಸಿದ್ದರು. ಆಮೇಲೆ ಇಪ್ಪತ್ತೊಂದನೇ ವಯಸ್ಸಿಗೆ ಬಿ.ಎ. ಸೇರುತ್ತೇನೆ ಎಂದಾಗ ಬಂದದ್ದು ಈ ಕೆರೆಯ ಮಾತು.

ನಮ್ಮ ಮನೆಯಲ್ಲಿ ಅಪ್ಪ ಏಳನೇ ಕ್ಲಾಸು, ಅಮ್ಮ ಐದು, ಅತ್ತೆ ಮೂರನೇ ಕ್ಲಾಸಿನ ಅರ್ಧ. ತೆಂಗಿನ ತೋಟ ಇತ್ತು, ರಾಗಿ ಹೊಲ ಇತ್ತು, ಉಣ್ಣಲು ಕಡಿಮೆ ಇರಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವರು ಮಾತ್ರ ಯಾರೂ ಇರಲಿಲ್ಲ. ಹತ್ತುವುದು ಹೇಗೆಂದು ಕೇಳಲೂ ಯಾರೂ ಇರಲಿಲ್ಲ. ಅಡ್ಮಿಷನ್ ಫಾರಂನಲ್ಲಿ 'ಐಚ್ಛಿಕ' ಎಂದಿದ್ದ ಕಡೆ ಏನು ಬರೆಯಬೇಕೆಂದು ತಿಳಿಯದೆ ನಾನೂ ಅಪ್ಪನೂ ಕಾಲೇಜಿನ ಬೇವಿನ ಮರದ ಕೆಳಗೆ ಅರ್ಧ ದಿನ ನಿಂತಿದ್ದೆವು. ಕೊನೆಗೆ ಅಪ್ಪ, "ನಿನ್ನಿಚ್ಛೆ ಏನೈತೋ ಬರಿ" ಎಂದ. ಇತಿಹಾಸ ಎಂದು ಬರೆದೆ.

ಆಮೇಲೆ ಮೂರು ವರ್ಷ ಬಸ್ಸು. ಬೆಳಗ್ಗೆ ಊರ ಮುಂದೆ ಹತ್ತಿ, ಗುಬ್ಬಿಯಲ್ಲಿ ಇಳಿದು, ಇನ್ನೊಂದು ಹತ್ತಿ ತುಮಕೂರು. ಓದಿದ್ದರಲ್ಲಿ ಅರ್ಧವನ್ನು ಕಂಬಿ ಹಿಡಿದು ನಿಂತೇ ಓದಿದ್ದೇನೆ. ನಿಂತು ಓದಿದರೆ ನನಗೆ ತಲೆಗೆ ಹತ್ತುತ್ತಿತ್ತು ಎನ್ನುವುದೂ ನಿಜ.

ನಾವು ಬಸ್ಸು ಹತ್ತುವ ಜಾಗದ ಹೆಸರು ಐದು ಕಣ್ಣಿನ ಮೋರಿ. ಕಂಡಕ್ಟರ್ ಬಾಯಲ್ಲಿ "ಐದ್ಕಣ್ಣು". ಕಡಬದ ಕೆರೆ ಕೋಡಿ ಬಿದ್ದಾಗ ತುಂಬಿ ಹರಿಯುವ ಹಳ್ಳಕ್ಕೆ ಹಿಂದಿನವರು ಕಲ್ಲಿನಲ್ಲಿ ಕಟ್ಟಿದ ಸೇತುವೆ ಅದು. ಸಣ್ಣದಾಗಲಿ ದೊಡ್ಡದಾಗಲಿ, ನಮ್ಮವರ ಬಾಯಲ್ಲಿ ಸೇತುವೆ ಎಂದರೆ ಮೋರಿಯೇ. ನೀರು ನುಗ್ಗುವ ಕಮಾನಿಗೆ ಕಣ್ಣು ಎನ್ನುತ್ತಾರೆ. ಪಕ್ಕದಲ್ಲೇ ಎತ್ತರಕ್ಕೆ ಕಾಂಕ್ರೀಟಿನ ಹೊಸ ಸೇತುವೆ ಆದ ಮೇಲೆ ಹಳೆಯದರ ಮೇಲೆ ಗಾಡಿ ಓಡಾಡುವುದು ನಿಂತಿತು. ಈಗ ಅಲ್ಲಿ ಹುರುಳಿ ಒಣಗುತ್ತದೆ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಬಂತು. ಇತಿಹಾಸದ ಮೇಡಂ ಚೀಟಿ ಎತ್ತಿಸಿದರು. ಒಬ್ಬಳಿಗೆ ಗುಡಿ ಬಂತು, ಇನ್ನೊಬ್ಬಳಿಗೆ ಕೋಟೆ. ನನ್ನ ಚೀಟಿಯಲ್ಲಿ ಹೀಗಿತ್ತು: 'ತುಮಕೂರು, ಗುಬ್ಬಿ, ಕುಣಿಗಲ್: ಹೋಗಿ ನೋಡಬೇಕಾದ ಹಳೆಯ ಮತ್ತು ಹೊಸ ಸೇತುವೆಗಳು.'

ಬೆಂಚಿನಲ್ಲಿ ಪಕ್ಕ ಕೂತಿದ್ದವಳು ಬಗ್ಗಿ ಓದಿ ನಕ್ಕಳು. "ಲೇ, ತುಮಕೂರಲ್ಲಿ ಹೊಳೇನೇ ಇಲ್ವಲ್ಲೇ! ಸೇತುವೆ ಎಲ್ಲಿಂದ ತರ್ತೀಯಾ?"

"ಶ್ರೀರಂಗಪಟ್ಣದಿಂದ ಎತ್ಕಂಡ್ ಬರ್ತಾಳೆ ಬಿಡ್ರೋ," ಎಂದ ಹಿಂದಿನ ಬೆಂಚಿನವನು. ಕ್ಲಾಸೆಲ್ಲ ನಕ್ಕಿತು.

ಮೇಡಂ ನಗಲಿಲ್ಲ. "ಊರು ಹಳೇದು, ನೀರು ಕಮ್ಮಿ. ಅಂಥಾ ಕಡೆ ಸೇತುವೆ ಯಾಕೆ ಕಟ್ಟಿದ್ರು ಅಂತ ಹುಡುಕೋದ್ರಲ್ಲೇ ಇರೋದು ಮಜಾ," ಎಂದರು. ಆಮೇಲೆ ನಿಯಮ ಒಂದನ್ನು ಹೇಳಿದರು. ಪ್ರತಿ ಸೇತುವೆಯ ಹತ್ತಿರ ಒಂದು ಗಂಟೆ ನಿಲ್ಲಬೇಕು. ಫೋನ್ ನೋಡುವ ಹಾಗಿಲ್ಲ. ಕಂಡದ್ದನ್ನು ಬರೆಯಬೇಕು. "ಅಲ್ಲಿಗೆ ಯಾರಾದ್ರೂ ಯಾಕೆ ಹೋಗಿ ನೋಡ್ಬೇಕು ಅನ್ನೋದು ಆ ಒಂದು ಗಂಟೇಲಿ ಗೊತ್ತಾಗುತ್ತೆ." ಪ್ರಾಜೆಕ್ಟಿಗೆ ಮೇಡಂ ಸಹಿ ಇಲ್ಲದಿದ್ದರೆ ವೈವಾ ಇಲ್ಲ, ವೈವಾ ಇಲ್ಲದಿದ್ದರೆ ಡಿಗ್ರಿ ಇಲ್ಲ.

ಒಂದು ಗಂಟೆ! ಊಟಕ್ಕೇ ನಾನು ಹತ್ತು ನಿಮಿಷ ಕೂತವಳಲ್ಲ.

ಮೊದಲು ತುಮಕೂರಿನ ಶೆಟ್ಟಿಹಳ್ಳಿಯ ರೈಲು ಸೇತುವೆಗೆ ಹೋದೆ. ಮೇಲೆ ರೈಲು, ಕೆಳಗೆ ನಾವು. ಅದರ ಚೆಂದವೂ ಕೆಳಗೇ ಇದೆ. ಒಳಗೆ ಹೊಕ್ಕ ಸ್ಕೂಟರಿನವರು ಕಾರಣವಿಲ್ಲದೆ ಹಾರ್ನ್ ಹೊಡೆಯುತ್ತಾರೆ, ಅದು ಗೋಡೆಗೆ ಬಡಿದು ಎರಡಾಗುವುದನ್ನು ಕೇಳಲಿಕ್ಕೆ. ದೊಡ್ಡವರೂ ಮಾಡುತ್ತಾರೆ, ನೋಡಿದ್ದೇನೆ. ರೈಲು ಬಂದಾಗ ಗೋಡೆಗೆ ಅಂಗೈ ಇಟ್ಟರೆ ನಡುಕ ಮೊಳಕೈವರೆಗೆ ಏರುತ್ತದೆ. ನಾನು ಪುಸ್ತಕ ತೆಗೆದದ್ದೇ ತಡ, ಸೊಪ್ಪಿನ ಚೀಲ ಹಿಡಿದ ಒಬ್ಬರು ನಿಂತರು.

"ಏನಮ್ಮಾ ಬರ್ಕಂತಿದೀಯಾ, ಸರ್ವೇನಾ? ನಮ್ಮನೆ ಕಾಂಪೌಂಡ್ ಹೋಗ್ತದಾ?"

"ಇಲ್ಲ ಅಂಕಲ್, ಪ್ರಾಜೆಕ್ಟು."

"ಅದೇ, ಯಾವ್ ಪ್ರಾಜೆಕ್ಟು? ಎಷ್ಟಡಿ ಹೋಗ್ತದೆ ಹೇಳ್ಬುಡು."

ಬಿಡಿಸಿ ಹೇಳುವಷ್ಟು ಹೊತ್ತು ಇರಲಾರದೆ ಹೊರಟುಬಂದೆ. ಹನ್ನೆರಡು ನಿಮಿಷ ಆಗಿತ್ತು. ಪುಸ್ತಕದಲ್ಲಿ 'ಒಂದು ಗಂಟೆ' ಎಂದು ಬರೆದೆ.

ಹೆದ್ದಾರಿಯ ಫ್ಲೈಓವರಿಗೆ ಸಂಜೆ ಹೋದೆ. ಕೆಳಗಿನ ರಸ್ತೆಯಿಂದ ನೋಡಿದರೆ ಅದು ತಲೆಯ ಮೇಲೆ ಬಾಗಿ ಹೋಗುತ್ತದೆ. ಕಂಬಗಳ ಸಂದಿನಲ್ಲಿ ದೇವರಾಯನದುರ್ಗದ ಬೆಟ್ಟ ಚೂರುಚೂರಾಗಿ ಕಾಣುತ್ತದೆ. ನಡೆದರೆ ಬೆಟ್ಟವೇ ಕಂಬದಿಂದ ಕಂಬಕ್ಕೆ ಜಿಗಿದ ಹಾಗೆ. ಹೊಸದಕ್ಕೂ ಚೆಂದ ಇರುತ್ತದೆ ಎಂದು ನನಗೆ ಅನ್ನಿಸಿದ್ದು ಅಲ್ಲಿ. ಆದರೆ ಚೆಂದ ಕಾಣುವುದಕ್ಕೆ ನಡೆಯಬೇಕಿತ್ತು, ನಡೆಯುತ್ತಾ ಬಸ್ ಸ್ಟ್ಯಾಂಡಿಗೇ ಬಂದುಬಿಟ್ಟೆ. ಗುಬ್ಬಿ ಕಡೆಯ ನಾಲೆ ಸೇತುವೆಯಲ್ಲಿ ಹೇಮಾವತಿ ನೀರು ದಡ ಮುಟ್ಟಿ ಹೋಗುತ್ತಿತ್ತು. ನಾನು ಓಡದೆ ನಿಂತರೂ ಅದು ನನ್ನ ಬದಲು ಓಡುತ್ತಿದ್ದರಿಂದಲೋ ಏನೋ, ಅಲ್ಲಿ ಕಾಲು ಗಂಟೆ ನಿಂತೆ. ಅದೇ ಅಲ್ಲಿಯವರೆಗಿನ ದಾಖಲೆ.

ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದ ದಿನ ಬಿಸಿಲು ಹೆಚ್ಚಿತ್ತು. ದೊಡ್ಡ ಕೆರೆಯ ಕೆಳಗೆ ಗದ್ದೆ ಬಯಲಿನಲ್ಲಿ ಹಳೇ ಕಲ್ಲು ಸೇತುವೆ ಇದೆ ಎಂದು ಯಾರೋ ಹೇಳಿದ್ದರು. ಒಂದು ಮೈಲಿ ನಡೆದೆ, ಕಾಣಲಿಲ್ಲ. ಕಟ್ಟೆಯಂಥದ್ದರ ಮೇಲೆ ಕೂತು ಮೇಕೆ ಕಾಯುತ್ತಿದ್ದ ತಾತನನ್ನು ಕೇಳಿದೆ.

"ತಾತ, ಇಲ್ಲಿ ಹಳೇ ಸೇತುವೆ ಎಲ್ಲಿದೆ?"

"ಸೇತ್ವೆನಾ? ಇಲ್ಲಿ ಯಾವ್ ಸೇತ್ವೆನೂ ಇಲ್ಲ ಕಣವ್ವ."

"ಮತ್ತೆ ನೀವು ಕೂತಿರೋದು?"

ತಾತ ಎದ್ದು, ಕೆಳಗೆ ಬಗ್ಗಿ ನೋಡಿ, ಮತ್ತೆ ಕೂತ. "ಇದು ಮೋರಿ."

ಬುಡದಲ್ಲಿ ಗಾರೆ ಇಲ್ಲದೆ ಕೂರಿಸಿದ ಕಲ್ಲುಗಳು, ಒಂದೊಂದೂ ಪಕ್ಕದ ಕಲ್ಲಿಗೆ ಭುಜ ಕೊಟ್ಟು ನಿಂತಿದ್ದವು. ನಮ್ಮೂರಲ್ಲಿ ಹುಟ್ಟಿ ಬೆಳೆದ ನಾನೇ 'ಮೋರಿ' ಎಂದು ಕೇಳುವುದನ್ನು ಮರೆತಿದ್ದೆ. ಮೂರು ವರ್ಷದಲ್ಲಿ ನನ್ನ ನಾಲಗೆ ಅಷ್ಟು ಬದಲಾಗಿತ್ತು. ಬಸ್ಸಿನಲ್ಲಿ ಇದನ್ನೇ ನೆನೆದು ನಕ್ಕೆನೇ ಹೊರತು ಪಾಠ ಕಲಿಯಲಿಲ್ಲ.

ಯಾಕೆಂದರೆ ನಮ್ಮೂರ ಮೋರಿಗೆ ನಾನು ಇಳಿದು ಹೋಗಲೇ ಇಲ್ಲ. ದಿನಾ ನೋಡುವುದಕ್ಕೆ ಒಂದು ಗಂಟೆ ಯಾಕೆ? ಹೊಸ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ವಾಪಸು ಬರುವಾಗ ಇನ್ನೊಮ್ಮೆ ಎಣಿಸಿದೆ. ನಾಲ್ಕೇ. ಮನೆಗೆ ಬಂದು ಹೀಗೆ ಬರೆದೆ: 'ಸ್ಥಳೀಯರು ಇದನ್ನು ತಪ್ಪಾಗಿ ಐದು ಕಣ್ಣಿನ ಮೋರಿ ಎಂದು ಕರೆಯುತ್ತಾರೆ. ವಾಸ್ತವದಲ್ಲಿ ಇರುವುದು ನಾಲ್ಕು ಕಮಾನುಗಳು ಮಾತ್ರ.' 'ವಾಸ್ತವದಲ್ಲಿ' ಎಂದು ಬರೆದಾಗ ಎಷ್ಟು ಹೆಮ್ಮೆಯಾಯಿತೆಂದರೆ, ಆ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಮೇಡಂ ಒಂದು ಶುಕ್ರವಾರ ಸ್ಟಾಫ್ ರೂಮಿಗೆ ಕರೆದರು. ಆ ಪುಟದ ಮೇಲೆ ಬೆರಳಿಟ್ಟಿದ್ದರು.

"ನಿಮ್ಮೂರವರಿಗೆ ಐದರ ತನಕ ಎಣಿಸೋಕೆ ಬರಲ್ವೇನಮ್ಮ?"

"ಬರುತ್ತೆ ಮೇಡಂ."

"ಮತ್ತೆ ಅಷ್ಟು ಜನ, ಅಷ್ಟು ವರ್ಷದಿಂದ, ಒಟ್ಟಿಗೆ ತಪ್ಪು ಎಣಿಸಿದ್ರಾ?"

ಅವರು ಪುಟದಿಂದ ಬೆರಳು ತೆಗೆದರು.

"ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ?"

ಸುಳ್ಳು ಬಾಯಿಗೆ ಬಂತು, ಹೊರಗೆ ಬರಲಿಲ್ಲ. "ಬಸ್ಸಲ್ಲಿದ್ದೆ ಮೇಡಂ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಲ್ಕು ಅಂತ ಬರೆದ್ರೂ ಸರಿ, ಐದು ಅಂತ ಬರೆದ್ರೂ ಸರಿ. ಯಾಕೆ ಅನ್ನೋದು ಇರ್ಬೇಕು. ಸೋಮವಾರ ಬೆಳಗ್ಗೆ ತಗೊಂಡ್ ಬಾ. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ."

ಅವತ್ತು ಗುಬ್ಬಿ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಾಗಲಿಲ್ಲ. ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ಎರಡು ಸಲ ಹೋದೆ. "ಏನಮ್ಮಾ, ಏನಾದ್ರೂ ಕಳ್ಕಂಡ್ಯಾ?" ಎಂದ ಕಂಡಕ್ಟರ್. ಮೂರು ವರ್ಷ ಕಳ್ಕಳೋ ಹಂಗಿದೀನಿ ಎನ್ನಬೇಕೆನಿಸಿತು.

ಮನೆಯಲ್ಲಿ ಅತ್ತೆ ನನ್ನ ಮುಖ ನೋಡಿದ ಕೂಡಲೇ ಕೇಳಿದಳು: "ಏನೇ, ಬುಟ್ಬುಟ್ಯಾ?"

"ಇಲ್ಲ."

"ಮತ್ಯಾಕೆ ಮಕ ಸೀದಿರೋ ರೊಟ್ಟಿ ಇದ್ದಂಗೈತೆ?"

ಹೇಳಬಾರದೆಂದಿದ್ದೆ. ಅವಳ ಬಾಯಿಗೆ ಸಿಕ್ಕಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಆದರೂ ಹೇಳಿದೆ. ನಾಲ್ಕು ಎಂದು ಬರೆದದ್ದನ್ನು ಕೇಳಿ ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

"ನಾಕು ಅಂತ ಬರದ್ಯಾ? ಅಯ್ಯೋ, ನಿನ್ ಓದಿಗಿಷ್ಟು ಬೆಂಕಿ ಹಾಕ! ನೀರಿರೋ ಕಣ್ಣಷ್ಟೇ ಎಣಿಸಿದೀಯಾ. ಐದ್ನೇದು ನೀರಿಗಲ್ಲ ಕಣೇ, ದನಕ್ಕೆ."

ಹೊಸ ರಸ್ತೆ ಬರುವ ಮೊದಲು ಊರ ದನವೆಲ್ಲ ಆ ಕಣ್ಣಿನ ಒಳಗೇ ಹಾದು ಕೆರೆ ಬಯಲಿಗೆ ಹೋಗುತ್ತಿದ್ದವಂತೆ. ಮೇಲೆ ಗಾಡಿ, ಕೆಳಗೆ ದನ. ಅಂಥದ್ದೊಂದು ಇತ್ತೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಅತ್ತೆ ಮಚ್ಚು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು. ನಾನು ಫೋನು, ಪುಸ್ತಕ, ಟೇಪು ಹಿಡಿದು ಹಿಂದೆ. ಅವಳು ತೋರಿಸಿದ ಜಾಗದಲ್ಲಿ ಕಣ್ಣೂ ಇಲ್ಲ, ಮೂಗೂ ಇಲ್ಲ. ಹೊಸ ರಸ್ತೆಗೆ ಏರಿಸಿದ ಮಣ್ಣಿನ ಇಳಿಜಾರು, ಅದರ ಮುಂದೆ ಆಳೆತ್ತರಕ್ಕೆ ತೆಂಗಿನ ಮಟ್ಟೆ. ಕಾಯಿ ಸುಲಿದ ಮಟ್ಟೆಯನ್ನು ನಮ್ಮೂರವರೆಲ್ಲ ವರ್ಷಾನುಗಟ್ಟಲೆ ತಂದು ಸುರಿದಿದ್ದು ಅಲ್ಲಿಗೇ. ಅದರಲ್ಲಿ ನಮ್ಮ ಮನೆಯದೂ ಇತ್ತು.

ಎಳೆಯತೊಡಗಿದೆವು. ಮೇಲಿನವು ಒಣಗಿದ್ದವು, ಕೆಳಗಿನವು ಕೊಳೆತು ಕಪ್ಪಾಗಿದ್ದವು. ಒಂದು ಚೇಳು ಬಂತು, ಅತ್ತೆ ಮಚ್ಚಿನ ತುದಿಯಲ್ಲಿ ಆಚೆಗೆ ತಳ್ಳಿ, "ಹೋಗಪ್ಪ, ನಿನ್ ಕೆಲ್ಸ ನೋಡು" ಎಂದಳು. ಬಿಸಿಲು ಏರಿತು. ಮಟ್ಟೆ ತೆಗೆದ ಕಡೆ ಬರೀ ಮಣ್ಣು. ಸ್ವಲ್ಪ ಎಡಕ್ಕೆ ತೆಗೆದೆವು, ಅಲ್ಲೂ ಮಣ್ಣು.

"ರಸ್ತೆ ಮಾಡುವಾಗ ಮುಚ್ಚಿಬಿಟ್ಟಿರ್ತಾರೆ ಅತ್ತೆ. ನಡಿ, ಹೋಗಣ. 'ಇತ್ತಂತೆ' ಅಂತ ಬರೆದ್ರಾಯ್ತು."

"ಎಲ್ಲಿಗೋಗ್ತೀಯಾ? ನಾಯಿಗೆರೆ ಕೆರೀತಾ? ಕೂತ್ಕಳೇ."

ಕೂತೆ. ಅವಳು ನಾಲ್ಕನೇ ಕಣ್ಣಿನ ಹತ್ತಿರ ಹೋದಳು, ಅಲ್ಲಿಂದ ಬಲಕ್ಕೆ ಹೆಜ್ಜೆ ಹಾಕಿ ಎಣಿಸಿದಳು. ದನ ಹೊಡೆಯುವವರ ಹೆಜ್ಜೆ, ಉದ್ದುದ್ದ. ಹದಿನಾಲ್ಕಕ್ಕೆ ನಿಂತಳು. "ಇಲ್ಲಿ."

ಅಲ್ಲಿ ಮೊಳಕೈ ಆಳ ತೆಗೆದಾಗ ಕಲ್ಲು ಸಿಕ್ಕಿತು. ಕಲ್ಲಿನ ಪಕ್ಕ ಕಲ್ಲು, ಅದರ ಪಕ್ಕ ಇನ್ನೊಂದು, ಮೂರನೆಯದಕ್ಕೆ ಸಾಲು ಬಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಬಗ್ಗಿ ಹೋಗುವಷ್ಟು ಬಾಯಿ ತೆರೆಯಿತು. ಒಳಗೆ ಅರ್ಧದವರೆಗೆ ಮಣ್ಣು ತುಂಬಿತ್ತು, ಆಚೆ ಬದಿ ಮುಚ್ಚಿಹೋಗಿತ್ತು. ಆದರೂ ಅದು ಕಣ್ಣು. ಐದನೆಯದು.

ಅತ್ತೆ ನನಗಿಂತ ಮೊದಲು ನುಗ್ಗಿದಳು. ಫೋನಿನ ಬೆಳಕು ಬಿಟ್ಟೆ. ಗೋಡೆಯಿಂದ ಮುಂದಕ್ಕೆ ಚಾಚಿದ ಒಂದು ಚಪ್ಪಡಿಯನ್ನು ಅವಳು ಸೆರಗಿನಿಂದ ಒರೆಸಿದಳು. ಅದರ ಮೇಲೆ ಗೆರೆಗಳಿದ್ದವು, ಹುಲಿ-ಕುರಿ ಆಟದ ಮನೆ.

"ಇದ ಗೀಚಿದ್ದು ನಾನೇ ಕಣೇ. ಕುಡ್ಲು ಮೊನೇಲಿ."

"ಯಾವಾಗ?"

"ಸ್ಕೂಲ್ ಬುಡಿಸಿದ್ರಲ್ಲ, ಆಗ. ದನ ಬಯಲಿಗೆ ಬುಟ್ಟು ಇಲ್ಲಿ ಕೂರೋದು. ಸಂಜೆ ಸ್ಕೂಲ್ ಹುಡುಗ್ರು ಮೇಲೆ ಮೋರಿ ಮ್ಯಾಲೆ ಓಡೋವು. ದಡದಡದಡ. ಯಾವ್ ಕಾಲ್ ಸದ್ದು ಯಾರ್ದು ಅಂತ ಇಲ್ಲಿಂದ್ಲೇ ಹೇಳ್ತಿದ್ದೆ." ಚಪ್ಪಡಿಯ ಗೆರೆಗಳ ಮೇಲೆ ಬೆರಳಾಡಿಸುತ್ತಾ ಅಂದಳು, "ಕೂರಕ್ಕಾಯ್ತಿರ್ಲಿಲ್ಲ ನಂಗೆ. ಕೂರ್ಸಿದ್ರು."

ಮಣ್ಣಿನ ಮೇಲೆ ಕಾಲು ಚಾಚಿ ಕೂತಿದ್ದಳು. ಬೆಳಕು ಅವಳ ಅಂಗಾಲಿನ ಮೇಲೆ ಬಿತ್ತು. ಬಿರುಕುಗಳ ನಡುವೆ, ಹಿಮ್ಮಡಿಯಿಂದ ಬೆರಳಿನ ಕಡೆಗೆ, ಒಂದು ಗೆರೆ.

"ಅತ್ತೆ, ನಿಂಗೂ ಐತಾ?"

"ಇಲ್ದಿದ್ರೆ ನಿಂದು ನಂಗೆಂಗ್ ಗೊತ್ತಾಯ್ತು?" ಎಂದು ಕಾಲು ಮಡಿಸಿಕೊಂಡಳು.

ಆಮೇಲೆ ನಾವು ಅಲ್ಲಿ ಒಂದು ಗಂಟೆ ಕೂತೆವು. ಈ ಸಲ ಸುಳ್ಳಲ್ಲ, ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ಟೈಮು ನೋಡಲಿಕ್ಕಷ್ಟೇ ಫೋನು ತೆಗೆದದ್ದು. ಕಾಲು ತುರಿಸಿತು, ಬೆನ್ನು ಹಿಡಿಯಿತು, ಮೂರು ಸಲ ಏಳಬೇಕೆನಿಸಿತು. ಮೇಲೆ ಹುರುಳಿ ಹರವುತ್ತಿದ್ದ ಯಾರದೋ ಹೆಜ್ಜೆ ಕೇಳಿಸಿತು. "ಗಂಡಸು. ಎಡಗಾಲು ಎಳೀತಾವ್ನೆ," ಎಂದಳು ಅತ್ತೆ. ಹೊರಗೆ ಬಂದು ನೋಡಿದೆ, ಹೌದು. ಪ್ರಾಜೆಕ್ಟಿನಲ್ಲಿ ಬರೆದದ್ದು ಇಷ್ಟೇ: ನಾಲ್ಕು ಕಣ್ಣು ನೀರಿಗೆ, ಒಂದು ದನಕ್ಕೆ. ಊರವರ ಎಣಿಕೆ ಸರಿ, ನನ್ನದು ತಪ್ಪು. ಹೋಗಿ ನೋಡುವವರು ಕೆಳಗಿಳಿದು ಕೂರಬೇಕು, ಮೇಲೆ ಯಾರಾದರೂ ನಡೆಯುವವರೆಗೆ ಕಾಯಬೇಕು. ಉಳಿದ ನಾಲ್ಕು ಸೇತುವೆಗಳ ಪಕ್ಕ ನಿಜವಾಗಿ ನಿಂತ ನಿಮಿಷಗಳನ್ನೂ ತಿದ್ದಿ ಬರೆದೆ.

ಸೋಮವಾರ ಮೇಡಂ ಓದಿದರು. ಹನ್ನೆರಡು ನಿಮಿಷ ಎಂದಿದ್ದ ಕಡೆ ನನ್ನ ಮುಖ ನೋಡಿದರು. ಸಹಿ ಹಾಕಿದರು.

ವೈವಾಗೆ ಬಂದ ಹೊರಗಿನ ಸರ್, ಐದನೇ ಕಣ್ಣಿನ ಫೋಟೋ ನೋಡಿ, "ಇದು ಸೇತುವೇದೇ ಭಾಗ ಅನ್ನೋದಕ್ಕೆ ಆಧಾರ ಯಾರು?" ಎಂದರು.

"ನಮ್ಮತ್ತೆ ಸರ್."

"ಏನು ಓದಿದಾರೆ?"

"ಮೂರನೇ ಕ್ಲಾಸು ಅರ್ಧ. ಇನ್ನರ್ಧ ಇದರ ಕೆಳಗೆ ಕೂತು ಕಳೆದ್ರು."

ಅವರು ಪೆನ್ನಿನ ಕ್ಯಾಪ್ ಹಾಕಿ, "ಸರಿ, ಹೋಗಮ್ಮ" ಎಂದರು. ಪಾಸೋ ಫೇಲೋ ಆ 'ಸರಿ'ಯಲ್ಲಿ ಗೊತ್ತಾಗಲಿಲ್ಲ. ರಿಸಲ್ಟ್ ಬರುವವರೆಗೆ ತೋಟದ ಸುತ್ತ ಎಷ್ಟು ಸುತ್ತು ಹಾಕಿದೆನೋ, ಬದುವಿನ ಮೇಲೆ ನನ್ನದೇ ಒಂದು ಕಾಲುದಾರಿ ಬಿತ್ತು. ಅವತ್ತಿಂದ ಒಂದು ಚಾಳಿಯೂ ಉಳಿದಿದೆ. ಗೊತ್ತಿಲ್ಲದ ಊರಲ್ಲಿ ಮೋರಿ ಕಂಡರೆ ಮೇಲೆ ನಿಂತು ಎಣಿಸುವುದಿಲ್ಲ, ಕೆಳಗಿಳಿಯುತ್ತೇನೆ.

ಸರ್ಟಿಫಿಕೇಟ್ ಬಂದಿದೆ ಎಂದು ಕಾಲೇಜಿಂದ ಫೋನ್ ಬಂದಾಗ ಅಪ್ಪನಿಗೆ ತೋಟದಲ್ಲಿ ಕಾಯಿ ಕೆಡವುವವರು ಬಂದಿದ್ದರು. ಅತ್ತೆ ತಾನಾಗಿಯೇ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಹೊಸ ಸೇತುವೆ ದಾಟುವಾಗ ಅವಳು ಹೊರಗೆ ನೋಡಲಿಲ್ಲ, ನಾನು ನೋಡುತ್ತೇನೋ ಇಲ್ಲವೋ ಎಂದು ನನ್ನನ್ನೇ ನೋಡುತ್ತಿದ್ದಳು.

ಕಾಲೇಜಿನ ಆಫೀಸ್ ಕಿಟಕಿಯಲ್ಲಿ ಗುಮಾಸ್ತರು ರಿಜಿಸ್ಟರ್ ತೆರೆದು ಸಹಿ ಮಾಡಿಸಿಕೊಂಡರು. "ಹೆಸರು ಸರಿಯಾಗಿದ್ಯಾ ನೋಡ್ಕೊಳ್ಳಿ, ಆಮೇಲೆ ತಪ್ಪು ಅಂತ ಬರಬ್ಯಾಡಿ," ಎಂದು ದಪ್ಪ ಕಾಗದವನ್ನು ಕಿಟಕಿಯ ಕಂಬಿಯ ಕೆಳಗಿಂದ ದೂಡಿದರು. ನೋಡಿದೆ. ನನ್ನದೇ ಹೆಸರು, ಅಕ್ಷರಗಳೆಲ್ಲ ಇದ್ದವು. ಅತ್ತೆಯ ಕೈಗೆ ಕೊಟ್ಟೆ. ಅವಳು ಎರಡೂ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಮುಂದೆ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು.

"ಇದ್ರಲ್ಲಿ ಐದು ಅಂತ ಎಲ್ಲೈತೆ?"

"ಇದ್ರಲ್ಲಿ ಅದೆಲ್ಲ ಬರಿಯಲ್ಲ ಅತ್ತೆ. ಪಾಸು ಅಂತ ಅಷ್ಟೇ."

"ಹೂಂ," ಎಂದು ಕಾಗದವನ್ನು ನನಗೆ ಕೊಡದೆ ತನ್ನ ಎದೆಗೇ ಒತ್ತಿಕೊಂಡು ಮೆಟ್ಟಿಲಿಳಿದಳು. ಬೇವಿನ ಮರದ ಹತ್ತಿರ ಬಂದಾಗ ಕಾಲು ನೋಯುತ್ತಿರಬಹುದೆಂದು, "ಸ್ವಲ್ಪ ಕೂತ್ಕಳಣ ಅತ್ತೆ" ಎಂದೆ.

"ಕೂರಾದೇನ್ ಬ್ಯಾಡ, ನಡಿ," ಎಂದಳು. "ಕಡಬದಲ್ಲೇ ಇಳಿಯಣ ಇವತ್ತು. ಕೆರೆ ನೀರು ಹಿಂದಕ್ಕೆ ಹರಿದೈತೇನೋ, ನೋಡ್ಕಂಡೇ ಹೋಗಣ."